ಮಳೆ ನಿಂತರೂ ಬಾರದ ಚಂದನ

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಶಂಶಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ನಮ್ಮವರೂ ಬಂದು ಸೇರಿದ್ದಾರೆ. ನಮಗೇನೋ ಮೊಬೈಲ್ ಸಾಕು. ತಾರಸಿಯ ಮೇಲಿನ ಡಿಶ್ ಇರುವುದು ಊರಿಂದ ಬಂದ ಅಪ್ಪ ಅಮ್ಮನಿಗಾಗಿ. ಸುತ್ತ ಎಲ್ಲ ತೆಲುಗು. ಮಕ್ಕಳು ಆಫೀಸಿಗೆ ಹೋದ ಮೇಲೆ ಅವರೊಂದಿಗೆ ಕನ್ನಡ ಮಾತಾಡುವುದು ಟಿವಿ ಒಂದೇ. ‘ಥಟ್ ಅಂತ ಹೇಳಿ’ ನೋಡುತ್ತಾ ಸ್ಪರ್ಧಿಗಿಂತ ಮೊದಲೇ ಉತ್ತರ ಕೂಗುವವರಿಗೆ ‘ನೋ ಸಿಗ್ನಲ್’ ಎಂಬ ಅಕ್ಷರ ಎಂಥ ಶಿಕ್ಷೆ!

ಜೋರು ಮಳೆಯಲ್ಲಿ ಚಿತ್ರ ಹೋಗುವುದು ಸಹಜ. ಉಪಗ್ರಹದಿಂದ ಬರುವ ಅಲೆಯನ್ನು ಮಳೆಹನಿಗಳೇ ಕುಂದಿಸುತ್ತವೆ. ಆದರೆ ಮಳೆ ನಿಂತು ಅರ್ಧ ದಿನವಾದರೂ ಬರಲಿಲ್ಲವೆಂದರೆ ನನ್ನ ಮೊದಲ ಅನುಮಾನ ಕೇಬಲ್ ತುದಿಯ ಎಫ್ ಕನೆಕ್ಟರಿನ ಮೇಲೆ. ರಿಪೇರಿಗೆ ಬಂದವರು ‘ಎಲ್‌ಎನ್‌ಬಿ ಹೋಗಿದೆ’ ಅನ್ನುವ ಮೊದಲು ಅದನ್ನು ಬಿಚ್ಚಿ ತೋರಿಸಲು ಹೇಳಿ. ಒಳಗೆ ಹಸಿರು ಕಿಲುಬೋ ತುಕ್ಕೋ ಕಂಡರೆ ಮೊದಲು ಕನೆಕ್ಟರ್ ಬದಲಿಸಿ ನೋಡಿ; ಅದು ಅಗ್ಗದ ಸಾಮಾನು.

ನೀವೇ ಮಾಡುವುದಾದರೆ ಮೊದಲು ಸೆಟ್-ಟಾಪ್ ಬಾಕ್ಸಿನ ಪ್ಲಗ್ ಕೀಳಿ. ಸಿಗ್ನಲ್ ಇಳಿದು ಬರುವ ಅದೇ ಕೇಬಲಿನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹತ್ತಿ ಹೋಗುತ್ತಿರುತ್ತದೆ. ಆರ್‌ಜಿ-6 ಕೇಬಲಿನ ಹೊರಕವಚವನ್ನು ಸುಮಾರು 12 ಮಿಲಿಮೀಟರ್ ಸುಲಿದು, ಜಾಲರಿ ತಂತಿಗಳನ್ನು ಹಿಂದಕ್ಕೆ ಮಡಚಿ. ತುದಿಯ 6 ಮಿಲಿಮೀಟರಿನಷ್ಟು ಬಿಳಿ ಫೋಮನ್ನು ಮೇಲಿನ ಹಾಳೆ ಸಮೇತ ತೆಗೆಯಿರಿ. ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್.

ಕೆಲಸ ಕೆಡುವುದು ಬ್ಲೇಡಿನಲ್ಲಿ. ಎಫ್ ಕನೆಕ್ಟರಿಗೆ ತನ್ನದೇ ಪಿನ್ ಇಲ್ಲ, ಕೇಬಲಿನ ನಡುತಂತಿಯೇ ಪಿನ್. ಸಾಮಾನ್ಯವಾಗಿ ಅದು ತಾಮ್ರ ಬಳಿದ ಉಕ್ಕು. ಇಷ್ಟು ಹೆಚ್ಚಿನ ಆವರ್ತನದ ಸಿಗ್ನಲ್ ತಂತಿಯ ಹೊರಮೈಯಲ್ಲೇ ಹರಿಯುವುದರಿಂದ ತೆಳುವಾದ ಆ ಬಳಿತವೇ ಸಾಕಾಗುತ್ತದೆ. ‘ಕ್ಲೀನ್ ಮಾಡ್ತೀನಿ’ ಅಂತ ಅದನ್ನು ಕೆರೆದರೆ ಸಿಗ್ನಲ್ಲಿನ ದಾರಿಯನ್ನೇ ಕೆರೆದಂತೆ. ಉಳಿದ ಉಕ್ಕು ಮುಂದಿನ ಮಳೆಗೆ ತುಕ್ಕು ಹಿಡಿಯುತ್ತದೆ.

ಬಿಳಿ ಫೋಮ್ ಕನೆಕ್ಟರಿನ ಒಳತಳಕ್ಕೆ ಸಮನಾಗುವವರೆಗೆ ಒತ್ತಿ. ನಡುತಂತಿ ಅಂಚಿನಿಂದ 2-3 ಮಿಲಿಮೀಟರ್ ಹೊರಗಿದ್ದರೆ ಸರಿ. ತಿರುಗಿಸಿ ಹಾಕುವ ಬಗೆ ಟಿವಿ ಹಿಂದೆ ಪರವಾಗಿಲ್ಲ, ತಾರಸಿಗೆ ಬೇಡ. ಅಲ್ಲಿಗೆ ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರೇ ಬೇಕು. ಎಲ್‌ಎನ್‌ಬಿಯ ಹತ್ತಿರ ಕೇಬಲನ್ನು ಒಂದು ಸುತ್ತು ಕೆಳಕ್ಕೆ ಬಾಗಿಸಿ ಬಿಡಿ, ಇಳಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮತ್ತೆ, ಒದ್ದೆ ತಾರಸಿಗೆ ಅಪ್ಪನನ್ನು ಹತ್ತಿಸಬೇಡಿ.