ಮಾರಾಟಕ್ಕಿರುವ ಕರೆವಿವರ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಣ್ಣು ಕೊಡುವವರಾಗಲಿ ತರುವವರಾಗಲಿ ಎದುರು ಪಕ್ಷದ ನಡತೆ, ಆಸ್ತಿ, ಸಾಲಸೋಲಗಳನ್ನು ವಿಚಾರಿಸದೆ ವೀಳ್ಯ ಬದಲಾಯಿಸಿಕೊಂಡ ಕಾಲವೊಂದಿತ್ತೆಂದು ನಂಬುವುದು ಕಷ್ಟ. ಆದರೆ ಆ ವಿಚಾರಣೆಯನ್ನು ಸೋದರಮಾವನೋ, ಊರ ಶಾಲೆಯ ಮಾಸ್ತರರೋ, ಸಂತೆಯಲ್ಲಿ ಭೇಟಿಯಾಗುವ ದಲಾಲಿಯೋ ನಡೆಸುತ್ತಿದ್ದುದರಿಂದ, ತಂದ ಸುದ್ದಿಗೆ ತಂದವನೇ ಹೊಣೆಯಾಗಿರುತ್ತಿದ್ದನು. ಅದು ಸುಳ್ಳಾದರೆ ಮುಂದಿನ ಜಾತ್ರೆಯಲ್ಲಿ ಅವನಿಗೆ ಮುಖ ತೋರಿಸುವುದಾಗುತ್ತಿರಲಿಲ್ಲ. ಈಗ ವರನು ಬೆಂಗಳೂರಿನಲ್ಲಿಯೂ ವಧುವು ಪುಣೆಯಲ್ಲಿಯೂ ಉದ್ಯೋಗದಲ್ಲಿರುವಾಗ ಸೋದರಮಾವನ ಕಾಲು ಅಲ್ಲಿಯವರೆಗೆ ನಡೆಯಲಾರದು. ಆ ತೆರವಾದ ಸ್ಥಾನಕ್ಕೆ ಕೂಲಿಯ ಪತ್ತೇದಾರನು ಬಂದಿದ್ದಾನೆ. ಬೀದಿಯಲ್ಲಿ ನಿಂತು ಕಾಣುವುದನ್ನು ಕಂಡು, ನೆರೆಯವರನ್ನು ಕೇಳಿ ಬರೆದುಕೊಡುವುದು ಅಪರಾಧವಲ್ಲ. ಆದರೆ ಅದೇ ಪತ್ತೇದಾರನು ದನಿ ತಗ್ಗಿಸಿ, “ಇನ್ನಷ್ಟು ಖರ್ಚು ಮಾಡಿದರೆ ಸಿಡಿಆರ್ ತರಿಸಿಕೊಡುತ್ತೇನೆ” ಎಂದ ಕ್ಷಣದಿಂದ ವಿಷಯದ ಸ್ವರೂಪವೇ ಬೇರೆಯಾಗುತ್ತದೆ.

ಸಿಡಿಆರ್ ಎಂದರೆ ಕರೆಗಳ ವಿವರಪಟ್ಟಿ. ಅದರಲ್ಲಿ ಮಾತು ಇರುವುದಿಲ್ಲ. ಕರೆದ ಸಂಖ್ಯೆ, ಕರೆ ತಲುಪಿದ ಸಂಖ್ಯೆ, ದಿನಾಂಕ, ಸೆಕೆಂಡಿನವರೆಗಿನ ವೇಳೆ, ಸಂಭಾಷಣೆಯ ಅವಧಿ, ಮೊಬೈಲಿನ ಐಎಂಇಐ ಸಂಖ್ಯೆ, ಕರೆ ಹಾದುಹೋದ ಟವರಿನ ಗುರುತು ಇಷ್ಟೇ ಒಂದು ಸಾಲು. ಇಂತಹ ಸಾಲುಗಳು ಆರು ತಿಂಗಳಿನವು ಒಟ್ಟಾದಾಗ ಮಾತ್ರ ಒಬ್ಬ ಮನುಷ್ಯನು ಯಾವ ವೈದ್ಯರನ್ನು ಕಂಡನು, ಯಾವ ಸಾಹುಕಾರನಿಗೆ ಬಾಕಿಯಿದ್ದಾನೆ, ನಡುರಾತ್ರಿಯಲ್ಲಿ ಯಾರ ದನಿಗಾಗಿ ಹಂಬಲಿಸಿದನು ಎಂಬುದೆಲ್ಲ ಅವನ ಬಾಯಿಂದ ಒಂದಕ್ಷರವೂ ಹೊರಡದೆಯೇ ಬಯಲಾಗುತ್ತದೆ. ದೂರಸಂಪರ್ಕ ಕಂಪನಿಗಳು ಈ ಪಟ್ಟಿಯನ್ನು ಕನಿಷ್ಠ ಎರಡು ವರ್ಷ ಕಾಯ್ದಿಡಬೇಕೆಂದು 2021ರ ಡಿಸೆಂಬರಿನಲ್ಲಿ ಪರವಾನಗಿಯ ಷರತ್ತು ತಿದ್ದುಪಡಿಯಾಯಿತು. ಕಾಯ್ದಿಟ್ಟ ವಸ್ತುವಿಗೆ ಕಳ್ಳನೂ ಗಿರಾಕಿಯೂ ಹುಟ್ಟುವುದು ಸಹಜವೇ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದು ಹೇಳುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಂತೆ ನ್ಯಾಯಾಲಯವೂ ತನಿಖೆ ನಡೆಸುವ ಪೊಲೀಸರೂ ದಾಖಲೆಯನ್ನು ತರಿಸಬಹುದು. ಪೊಲೀಸರ ಪರವಾಗಿ ಕರೆವಿವರ ಕೇಳುವ ಅಧಿಕಾರವನ್ನು ಎಸ್.ಪಿ. ಮತ್ತು ಅದಕ್ಕೆ ಮೇಲಿನ ದರ್ಜೆಯವರಿಗೆ ಮಾತ್ರ ಸೀಮಿತಗೊಳಿಸಲಾಗಿದೆ. ಖಾಸಗಿ ಪತ್ತೇದಾರನಿಗೆ, ಅವನು ಎಷ್ಟೇ ಹಳೆಯ ನಿವೃತ್ತ ಇನ್‌ಸ್ಪೆಕ್ಟರನಾಗಿದ್ದರೂ, ಇಲ್ಲಿ ಯಾವ ಬಾಗಿಲೂ ಇಲ್ಲ. 1885ರ ಟೆಲಿಗ್ರಾಫ್ ಕಾಯಿದೆಯ ಕಣ್ಣು ಮುಖ್ಯವಾಗಿ ಸಂದೇಶದ ಮೇಲಿದ್ದಿತೇ ಹೊರತು ಸಂದೇಶದ ಲೆಕ್ಕಪತ್ರದ ಮೇಲೆ ಅಷ್ಟಾಗಿ ಇರಲಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಪದವನ್ನು ತ್ಯಜಿಸಬೇಕಾಗಿ ಬಂದದ್ದೂ ಮಾತಿನ ಕದ್ದಾಲಿಕೆಯ ಆರೋಪದಿಂದಲೇ ಹೊರತು ಕರೆಪಟ್ಟಿಯಿಂದಲ್ಲ. 2023ರ ದೂರಸಂಪರ್ಕ ಕಾಯಿದೆಯ 42ನೆಯ ಕಲಮಾದರೋ ಕರೆವಿವರವನ್ನು ಹೆಸರಿಸಿಯೇ ರಕ್ಷಣೆಗೆ ಒಳಪಡಿಸಿ, ಅದನ್ನು ಅನಧಿಕೃತವಾಗಿ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಪಡೆದವರಿಗೂ ಪಡೆಯಲು ಯತ್ನಿಸಿದವರಿಗೂ ಮೂರು ವರ್ಷದವರೆಗಿನ ಸೆರೆಮನೆಯನ್ನೋ, ಎರಡು ಕೋಟಿ ರೂಪಾಯಿಯವರೆಗಿನ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸುತ್ತದೆ. ಈ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದೆ. ‘ಪರೋಕ್ಷವಾಗಿ’ ಎಂಬಲ್ಲಿ ಪತ್ತೇದಾರನಿಗೆ ಹಣ ತೆತ್ತು ಪಟ್ಟಿ ಕೊಂಡ ಕನ್ಯಾಪಿತೃವೂ ಸಿಕ್ಕಿಬೀಳಬಹುದೆಂಬುದನ್ನು ಬೀಗತನಕ್ಕೆ ಹೊರಟವರು ತಿಳಿದಿರುವುದು ಒಳ್ಳೆಯದು.

ಹಾಗಾದರೆ ಪಟ್ಟಿ ಪತ್ತೇದಾರನ ಕೈಗೆ ಬರುವುದೆಲ್ಲಿಂದ? 2013ರಲ್ಲಿ ಅರುಣ್ ಜೇಟ್ಲಿಯವರ ಕರೆವಿವರ ಸೋರಿದ ಪ್ರಕರಣದಲ್ಲಿ ದೆಹಲಿಯ ಖಾಸಗಿ ಪತ್ತೇದಾರರೊಡನೆ ಒಬ್ಬ ಕಾನ್‌ಸ್ಟೆಬಲನೂ ಬಂಧಿತನಾದನು. 2018ರಲ್ಲಿ ಠಾಣೆ ನಗರದ ಪೊಲೀಸರು ಇಂತಹುದೇ ಜಾಲವೊಂದನ್ನು ಭೇದಿಸಿದರು. 2024ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕರೆವಿವರ ಮಾರುತ್ತಿದ್ದ ಆರೋಪದ ಮೇಲೆ ಪತ್ತೇದಾರಿ ಸಂಸ್ಥೆಗಳವರನ್ನು ಬಂಧಿಸಿದ ತರುವಾಯ, ತನಿಖೆಯು ಸಿಐಡಿಯ ತಾಂತ್ರಿಕ ಘಟಕದ ಸಿಬ್ಬಂದಿಯವರೆಗೂ ಹೋಯಿತು. ಅಮೆರಿಕದಲ್ಲಿ ಪತ್ತೇದಾರರು ಗ್ರಾಹಕನ ವೇಷದಲ್ಲಿ ಕಂಪನಿಗೆ ಕರೆಮಾಡಿ ವಿವರ ಕದಿಯುತ್ತಿದ್ದರು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಇಂತಹುದೇ ಹಗರಣ ಬಯಲಾದ 2006ರಲ್ಲಿಯೇ ಅಲ್ಲಿನ ಶಾಸಕಾಂಗವು ಅದಕ್ಕೆ ಪ್ರತ್ಯೇಕ ಕಾನೂನನ್ನು ಅಂಗೀಕರಿಸಿ ಹತ್ತು ವರ್ಷದವರೆಗಿನ ಶಿಕ್ಷೆಯನ್ನು ಗೊತ್ತುಮಾಡಿತು. ನಮ್ಮಲ್ಲಿ ವೇಷ ಹಾಕುವ ಶ್ರಮವೂ ಬೇಡ: ನಿಜವಾದ ಯಾವುದೋ ಅಪರಾಧದ ತನಿಖೆಗೆಂದು ಕಂಪನಿಗೆ ಹೋಗುವ ಹತ್ತು ಸಂಖ್ಯೆಗಳ ನಡುವೆ ಹನ್ನೊಂದನೆಯದೊಂದು ಸೇರಿಬಿಟ್ಟರೆ, ಸಹಿ ಮಾಡುವ ಮೇಲಧಿಕಾರಿಯು ಅದನ್ನು ಬೇರ್ಪಡಿಸುವ ಬಗೆಯಾದರೂ ಯಾವುದು? ಆದುದರಿಂದ ಪತ್ತೇದಾರನನ್ನು ಕಟ್ಟಿಹಾಕುವ ಕಾನೂನಿಗಿಂತಲೂ ಪೊಲೀಸ್ ಕಚೇರಿಯ ಕೋರಿಕೆಗಳನ್ನು ಹೊರಗಿನವರು ತಪಾಸಿಸುವ ಏರ್ಪಾಡೇ ಹೆಚ್ಚು ಆವಶ್ಯಕವೆಂದು ನನಗೆ ತೋರುತ್ತದೆ.

ಬೀಗತನಕ್ಕಲ್ಲದೆ ದಾಂಪತ್ಯದ ವ್ಯಾಜ್ಯಕ್ಕೂ ಇಷ್ಟೆಲ್ಲ ಮಾಡಿ ತಂದ ಪಟ್ಟಿಯ ಪ್ರಯೋಜನವೇನು ಎಂಬುದನ್ನು ಕೊಳ್ಳುವವನು ವಿಚಾರಿಸಿರುವುದಿಲ್ಲ. ವಿದ್ಯುನ್ಮಾನ ದಾಖಲೆಯು ಸಾಕ್ಷ್ಯವಾಗಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಕದ್ದ ಪಟ್ಟಿಗೆ ಕಂಪನಿಯ ಯಾವ ಅಧಿಕಾರಿ ತಾನೇ ಅದನ್ನು ಬರೆದುಕೊಟ್ಟಾನು? ಕೌಟುಂಬಿಕ ನ್ಯಾಯಾಲಯವಿರುವೆಡೆ ಅದರ ಕಾಯಿದೆಯ 14ನೆಯ ಕಲಮು ಸಾಕ್ಷ್ಯನಿಯಮವನ್ನು ಸಡಿಲಿಸಿದೆಯಾದರೂ, ಸಾಮಾನ್ಯ ಸಿವಿಲ್ ನ್ಯಾಯಾಲಯದ ಮುಂದೆ ನಿಂತವನಿಗೆ ಆ ಸಡಿಲಿಕೆಯೂ ಇಲ್ಲ. ಹೀಗಿರಲು, ಈ ಪಟ್ಟಿ ಹೆಚ್ಚಾಗಿ ಬಳಕೆಯಾಗುವುದು ನ್ಯಾಯಾಲಯದ ಹೊರಗೆ, ಹಿರಿಯರ ಪಂಚಾಯಿತಿಯಲ್ಲಿ ಹೆಣ್ಣಿನ ತಂದೆಯ ಮುಂದೆ ಹಾಳೆಗಳನ್ನು ಹರವಿ ಜೀವನಾಂಶವನ್ನು ತಗ್ಗಿಸುವುದಕ್ಕೆ, ಇಲ್ಲವೇ ಗಂಡಿನ ಮನೆಯವರಿಂದ ಹೆಚ್ಚಿನ ಹಣವನ್ನು ಹೊರಡಿಸುವುದಕ್ಕೆ.

ಪಟ್ಟಿಯು ಹೇಳುವುದಾದರೂ ನಿಜವೇ? ಮಹಾನಗರದಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಮನುಷ್ಯನು ಯಾವ ಬಡಾವಣೆಯಲ್ಲಿದ್ದನೆಂದು ಊಹಿಸಬಹುದು. ಹಾನಗಲ್ಲಿನ ಭತ್ತದ ಗದ್ದೆಗಳ ನಡುವೆಯೂ ಹಿರೇಕೆರೂರಿನ ಗೋವಿನಜೋಳದ ಹೊಲಗಳ ನಡುವೆಯೂ ಒಂದೇ ಟವರು ಹಲವು ಹಳ್ಳಿಗಳ ಕರೆಗಳನ್ನು ಹೊರುತ್ತದೆ. ಸವಣೂರಿನ ಸಂತೆಯ ದಿನ ವೀಳ್ಯದೆಲೆಯ ಪೆಂಡಿಯೊಡನೆ ಬಂದ ರೈತನೂ, ಬಳೆ ಕೊಳ್ಳಲು ಬಂದ ಗೃಹಿಣಿಯೂ, ಬಸ್ಸಿಗೆ ಕಾದು ನಿಂತ ಕಾಲೇಜು ಹುಡುಗನೂ ಒಂದೇ ಟವರಿನ ಕೆಳಗೆ ದಾಖಲಾಗುತ್ತಾರೆ. ಸಂಶಯಗ್ರಸ್ತನಾದ ಪತಿಗೆ ಪತ್ತೇದಾರನು ಇದನ್ನೇ ‘ಇಬ್ಬರೂ ಒಂದೇ ಕಡೆ ಇದ್ದರು’ ಎಂದು ಓದಿ ಹೇಳಬಲ್ಲನು. ಸಿಮ್ ತಂದೆಯ ಹೆಸರಿನಲ್ಲಿದ್ದು ಮಗಳು ಬಳಸುವುದು, ಗಂಡನ ಹೆಸರಿನಲ್ಲಿದ್ದು ಹೆಂಡತಿ ಬಳಸುವುದು ಈ ಭಾಗದಲ್ಲಿ ಸರ್ವಸಾಧಾರಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಂತೆ ಪ್ರೀಪೇಡ್ ಚಂದಾದಾರನು 50 ರೂಪಾಯಿಗೆ ಮೀರದ ಶುಲ್ಕ ಕೊಟ್ಟು ತನ್ನ ಬಳಕೆಯ ಬಾಬುವಾರು ವಿವರವನ್ನು ಕೇಳಿ ಪಡೆಯಬಹುದು. ಹೀಗಾಗಿ ಸಿಮ್ಮಿನ ಒಡೆಯನಾದ ಪತಿಗೆ ಪತ್ತೇದಾರನೂ ಬೇಡ, ಲಂಚವೂ ಬೇಡ. ದೂರವಾಣಿಯನ್ನು ಬಳಸುವಾಕೆಯ ಖಾಸಗಿತನವು ಅದರ ಕಾಗದಪತ್ರದಲ್ಲಿರುವವನ ಮರ್ಜಿಗೆ ಬಿಟ್ಟದ್ದಾಗಿದೆ. ಇದನ್ನು ಯಾವ ಕಾಯಿದೆಯೂ ಗಮನಿಸಿದಂತೆ ಕಾಣೆ.

ನ್ಯಾಯಾಲಯಗಳ ಧೋರಣೆಯು ಒಂದೇ ದಿಕ್ಕಿನಲ್ಲಿಲ್ಲ. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಸಾರಿತು. 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಪತ್ನಿಯ ಪ್ರಿಯಕರನೆಂದು ಪತಿಯು ಆರೋಪಿಸಿದ ಮೂರನೆಯ ವ್ಯಕ್ತಿಯ ಟವರ್ ವಿವರವನ್ನು ತರಿಸುವ ಕೌಟುಂಬಿಕ ನ್ಯಾಯಾಲಯದ ಆದೇಶವನ್ನು ಇದೇ ಹಕ್ಕಿನ ಆಧಾರದ ಮೇಲೆ ರದ್ದುಪಡಿಸಿದರು. ದೆಹಲಿಯ ಉಚ್ಚ ನ್ಯಾಯಾಲಯವು ಕೆಲವೆಡೆ ಭಿನ್ನವಾದ ದಾರಿ ಹಿಡಿದಿದೆ. 2025ರ ಜುಲೈ ತಿಂಗಳಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ಪೀಠವು, ಪತಿಯು ಪತ್ನಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡ ಸಂಭಾಷಣೆಯನ್ನು ವಿಚ್ಛೇದನದ ವ್ಯಾಜ್ಯದಲ್ಲಿ ಸ್ವೀಕರಿಸಬಹುದೆಂದು ತೀರ್ಪಿತ್ತಿತು. ಅಲ್ಲಿ ಮುದ್ರಿಸಿದವನು ಆ ಸಂಭಾಷಣೆಗೆ ಸ್ವತಃ ಪಾಲುದಾರನಾಗಿದ್ದನು. ಈ ಭೇದವನ್ನು ಮರೆಸಿ, ಆ ತೀರ್ಪನ್ನೇ ತಮ್ಮ ವ್ಯಾಪಾರಕ್ಕೆ ರಹದಾರಿಯೆಂಬಂತೆ ತೋರಿಸುವ ಪತ್ತೇದಾರರು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ.

ಈ ವೃತ್ತಿಗೇ ಪರವಾನಗಿಯ ಚೌಕಟ್ಟು ಹಾಕುವ ಮಸೂದೆಯೊಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿತವಾಗಿ, ವರ್ಷಗಟ್ಟಲೆ ಕೊಳೆತು, ಕೊನೆಗೆ ಹಿಂತೆಗೆಯಲ್ಪಟ್ಟಿತು. ಇನ್ನುಳಿದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕಲಮುಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ ಗೊತ್ತಾಗಿದೆ. ಅದು ಬಂದ ಮೇಲೆ ಕಂಪನಿಯಿಂದ ದತ್ತಾಂಶ ಸೋರಿದರೆ ಸಂಬಂಧಪಟ್ಟ ವ್ಯಕ್ತಿಗೆ ತಿಳಿಸುವುದು ಕಂಪನಿಯ ಕರ್ತವ್ಯವಾಗುತ್ತದೆ. ಆದರೆ ಅಪರಾಧದ ತಡೆ ಮತ್ತು ತನಿಖೆಗಾಗಿ ಬಳಸುವ ದತ್ತಾಂಶಕ್ಕೆ ಅದೇ ಕಾಯಿದೆಯ 17ನೆಯ ಕಲಮು ಈ ಕರ್ತವ್ಯದಿಂದ ವಿನಾಯಿತಿ ಕೊಟ್ಟಿರುವುದರಿಂದ, ಹಿರೇಕೆರೂರಿನ ಹೆಣ್ಣುಮಗಳೊಬ್ಬಳ ಕರೆವಿವರವು ಕಂಪನಿಯ ನೌಕರನಿಂದ ಹೊರಬಿದ್ದರೆ ಆಕೆಗೆ ಪತ್ರ ಬಂದೀತು. ಪೊಲೀಸ್ ಕಚೇರಿಯ ಮೇಜಿನಿಂದ ಹೊರಬಿದ್ದರೆ ತಿಳಿಸುವ ಹೊಣೆ ಯಾರಿಗೂ ಇಲ್ಲ.