ಮನೆಯೊಳಗಿನ ವಿಮಾನ

ಗಣಕಯಂತ್ರದ ಮುಂದೆ ಕುಳಿತು ವಿಮಾನ ನಡೆಸುವ ಹವ್ಯಾಸವು ನಮ್ಮ ಕಡೆಯ ಮನೆಗಳಿಗೂ ಬಂದಿರುವದು. 1982ರಲ್ಲಿ ಮೊದಲು ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಈಗಿನ ರೂಪದಲ್ಲಿ ಬೆಳಗಾವಿಯ ಸಾಂಬ್ರಾ ರನ್‌ವೇಯೂ ಉಂಟು, ಆಯಾ ದಿನದ ಹವೆಯೂ ಉಂಟು.

ಕಳೆದ ಮಳೆಗಾಲದಲ್ಲಿ ನಾವು ಚಿಕ್ಕೋಡಿಯ ಬಂಧುಗಳಲ್ಲಿಗೆ ಹೋದಾಗ ಅಲ್ಲಿಯ ತರುಣನು ಮೋರೆ ಬಾಡಿಸಿ ಕುಳಿತಿದ್ದನು. ಬೆಂಗಳೂರಿನಿಂದ ಹೊರಟ ಅವನ ಏರ್‌ಬಸ್ ಎ-320 ವಿಮಾನವು ಸಾಂಬ್ರಾದಲ್ಲಿ ಮೋಡದೊಳಗಿಂದ ಇಳಿಯುವಾಗ ಮೂರು ಸಲವೂ ರನ್‌ವೇಗಿಂತ ಮೊದಲೇ ನೆಲಕ್ಕೆ ಬಡಿದಿತ್ತು. “ಕಾಕಾ, ಸಾಫ್ಟ್‌ವೇರೇ ಕೆಟ್ಟೈತ್ರಿ” ಎಂದನು. ಅದನ್ನೆಲ್ಲ ಅಳಿಸಿ ಮತ್ತೆ ಹಾಕುವದರಲ್ಲಿ ಒಂದು ರಾತ್ರಿ ಕಳೆದಿದ್ದನಂತೆ.

ಕೆಟ್ಟದ್ದು ಏನೂ ಇರಲಿಲ್ಲ. ಎತ್ತರದ ಮಾಪಕವು ನಿಜಕ್ಕೂ ಅಳೆಯುವದು ಗಾಳಿಯ ಒತ್ತಡವನ್ನು. ಬಹು ಮೇಲೆ ಹಾರುವಾಗ ಎಲ್ಲ ವಿಮಾನಗಳೂ ಅದರಲ್ಲಿ 1013 ಎಂಬ ಒಂದೇ ಅಂಕಿಯನ್ನು ಇಟ್ಟುಕೊಳ್ಳುವವು. ಇಳಿಯುವಾಗ ನಿಲ್ದಾಣದವರು ಸಮುದ್ರಮಟ್ಟಕ್ಕೆ ಲೆಕ್ಕಹಾಕಿ ಕೊಡುವ ಅಂಕಿಗೆ ತಿರುಗಿಸತಕ್ಕದ್ದು. ಅಂದು ಅದು 1004. ಒಂದಕ್ಕೆ ಸುಮಾರು 28 ಅಡಿಯಂತೆ ಒಂಬತ್ತಕ್ಕೆ 250 ಅಡಿ ಆಯಿತು. ಸಾಂಬ್ರಾದ ನೆಲವೇ ಸುಮಾರು 2,500 ಅಡಿ. ವಿಮಾನವು ನೆಲ ಮುಟ್ಟಿದಾಗಲೂ ಮಾಪಕವು 2,750 ಎನ್ನುತ್ತಿತ್ತು. ನಿಜವಾದ ವಿಮಾನದಲ್ಲಿ ಈ ಮರೆವು ಪ್ರಾಣಕ್ಕೇ ಬರುವದು. ನೆಲ ಹತ್ತಿರವಾದಂತೆ ಅಂತರವನ್ನು ಕೂಗಿ ಹೇಳುವ ದನಿಯೂ ಎ-320ರಲ್ಲಿ ಉಂಟು. ಅಜ್ಜಿಯ ನಿದ್ದೆ ಕೆಡಬಾರದೆಂದು ಈತನು ಅದನ್ನು ಮುಚ್ಚಿದ್ದನು!

ನಾಲ್ಕನೆಯ ಸಲ ಗುಂಡಿಯನ್ನು ಒಳಗೆ ಒತ್ತಿ 1004ಕ್ಕೆ ತಿರುಗಿಸಿದನು. ಮೋಡ ಸರಿಯಿತು, ರನ್‌ವೇ ಎದುರಿಗೇ ಇತ್ತು.

“ಇಳೀತೇನೋ?” ಎಂದರು ಅಜ್ಜಿ ಒಳಗಿನಿಂದ. “ಹಂಗಾರ ಊಟಕ್ಕ ಬಾ.”