ಮಾ ಹುವಾಂಗ್ ಕಡ್ಡಿಯೂ ಮಕ್ಕಳ ಇನ್‌ಹೇಲರೂ

"ಗಿಡಮೂಲಿಕೆ ಅಲ್ವಾ, ಸೈಡ್ ಇಫೆಕ್ಟ್ ಇಲ್ಲ." ಉಬ್ಬಸವಿರುವ ಮಕ್ಕಳ ಹೆತ್ತವರಿಂದ ಈ ಮಾತನ್ನು ನೀವೂ ಕೇಳಿರುತ್ತೀರಿ. ಅದರ ಬೆನ್ನಿಗೇ ಇನ್ನೊಂದು: "ಇನ್‌ಹೇಲರ್ ಒಮ್ಮೆ ಶುರುಮಾಡಿದರೆ ಬಿಡಲಿಕ್ಕಾಗುವುದಿಲ್ಲ, ಚಟ ಆಗ್ತದೆ." ಎರಡು ಸಾವಿರ ವರ್ಷದ ಚೀನೀ ಮದ್ದು ಎಂಬಂಥ ಹೊಗಳಿಕೆಗಳೂ ಈಗ ಮೊಬೈಲಿಗೆ ಬಂದು ಬೀಳುತ್ತವೆ. ವಿಜ್ಞಾನ ಅಧ್ಯಾಪಕರಾದ ನಾವು ಒಂದೋ "ಅದೆಲ್ಲ ಮೂಢನಂಬಿಕೆ" ಎಂದು ತಳ್ಳಿಹಾಕುತ್ತೇವೆ, ಇಲ್ಲವೇ ನಮಗ್ಯಾಕೆ ಊರ ಉಸಾಬರಿ ಎಂದು ಸುಮ್ಮನಿರುತ್ತೇವೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಆ ಚೀನೀ ಮದ್ದಿನ ಕಥೆಯನ್ನೇ ತರಗತಿಗೆ ತರಬೇಕು. ಆದರೆ ಅರ್ಧಕ್ಕೆ ನಿಲ್ಲಿಸಬಾರದು.

ಗಿಡದ ಹೆಸರು ಮಾ ಹುವಾಂಗ್, ಸಸ್ಯಶಾಸ್ತ್ರದಲ್ಲಿ ಎಫೆಡ್ರಾ ಸಿನಿಕಾ. ಸೈಕಸ್, ಪೈನ್‌ಗಳ ಜೊತೆ ಅನಾವೃತಬೀಜ ಸಸ್ಯಗಳ ಗುಂಪಿನಲ್ಲಿ ಹೆಸರು ಹೇಳಿ ನಾವು ದಾಟಿಹೋಗುವ ಅದೇ ಎಫೆಡ್ರಾ. ಎಲೆ ಇದೆಯೋ ಇಲ್ಲವೋ ಎಂಬಂತಿರುವ, ಗಂಟುಗಂಟಾದ ಹಸಿರು ಕಡ್ಡಿಗಳ ಪೊದೆ. ಚೀನಾದ ಅತಿ ಹಳೆಯ ಔಷಧಗ್ರಂಥವಾದ 'ಶೆನ್ನಾಂಗ್ ಬೆನ್‌ಸಾವೊ ಜಿಂಗ್'ನಲ್ಲೇ ಇದರ ಉಲ್ಲೇಖವಿದೆ. ದಾಲ್ಚಿನ್ನಿ ಜಾತಿಯ ಕಡ್ಡಿ, ಏಪ್ರಿಕಾಟ್ ಬೀಜ, ಜೇಷ್ಠಮಧುಗಳ ಜೊತೆ ಕುದಿಸಿ ಮಾಡುವ ಇದರ ಕಷಾಯ ಸುಮಾರು 1,800 ವರ್ಷಗಳಿಂದ ಬಳಕೆಯಲ್ಲಿದೆ. ಒಂದು ವಿಶೇಷ ನೋಡಿ: ಬೆವರಿಳಿಸಲು, ಏದುಸಿರು ತಗ್ಗಿಸಲು ಅವರು ಬಳಸಿದ್ದು ಕಡ್ಡಿಯನ್ನು; ಬೆವರು ನಿಲ್ಲಿಸಲು ಬೇರನ್ನು. ಒಂದೇ ಗಿಡ, ಎರಡು ತದ್ವಿರುದ್ಧ ಕೆಲಸ! ಎಫೆಡ್ರಿನ್ ಎಂಬ ಆಲ್ಕಲಾಯ್ಡ್ ಇರುವುದು ಕಡ್ಡಿಯಲ್ಲಿ, ಬೇರಿನಲ್ಲಿ ಅಲ್ಲ ಎಂದು ರಸಾಯನಶಾಸ್ತ್ರ ಆಮೇಲೆ ತೋರಿಸಿತು. ಹಳಬರ ನಿರೀಕ್ಷಣೆ ಹಗುರವಾದದ್ದಲ್ಲ ಎಂದು ಇಲ್ಲಿ ಧಾರಾಳವಾಗಿ ಒಪ್ಪಿಕೊಳ್ಳೋಣ.

1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಈ ಎಫೆಡ್ರಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಆದರೂ ಅದು ಉಬ್ಬಸಕ್ಕೆ ಬರಲಿಲ್ಲ. ಕಣ್ಣಿನ ಪಾಪೆ ಹಿಗ್ಗಿಸುವ ಹನಿಯಾಗಿ ಮೂಲೆ ಸೇರಿತು. 1920ರ ದಶಕದಲ್ಲಿ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನ ಕೆ. ಕೆ. ಚೆನ್, ಚೀನೀ ವೈದ್ಯ ಬಲ್ಲ ತನ್ನ ಬಂಧುವೊಬ್ಬರಿಂದ ಕೇಳಿ ತಿಳಿದು, ಮಾ ಹುವಾಂಗನ್ನು ಪ್ರಯೋಗಾಲಯಕ್ಕೆ ತಂದರು. ಕಾರ್ಲ್ ಸ್ಮಿತ್ ಜೊತೆ ಸೇರಿ ಅರಿವಳಿಕೆ ಕೊಟ್ಟ ನಾಯಿಯ ಮೇಲೆ ಪರೀಕ್ಷಿಸಿದಾಗ ರಕ್ತದೊತ್ತಡ ಏರಿತು, ತುಂಬ ಹೊತ್ತು ಇಳಿಯಲಿಲ್ಲ. ಅಡ್ರಿನಲಿನ್ ಮಾಡುವ ಕೆಲಸವನ್ನೇ ಇದೂ ಮಾಡುತ್ತಿತ್ತು. ಅಡ್ರಿನಲಿನನ್ನು ಚುಚ್ಚಬೇಕು, ಇದನ್ನು ಬಾಯಿಯಿಂದಲೇ ಕೊಡಬಹುದು. ಕೆಲವೇ ವರ್ಷಗಳಲ್ಲಿ ಎಫೆಡ್ರಿನ್ ಮಾತ್ರೆ ಅಮೆರಿಕ, ಯುರೋಪುಗಳಲ್ಲಿ ಉಬ್ಬಸದ ಮದ್ದಾಯಿತು.

'ನೋಡಿದಿರಾ, ಪುರಾತನರಿಗೆ ಎಲ್ಲಾ ಗೊತ್ತಿತ್ತು' ಎನ್ನುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಾವು ಮುಂದಕ್ಕೆ ಹೋಗಬೇಕು.

ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುವ ಎಫೆಡ್ರಿನ್ ಅಲ್ಲಿಗೇ ಸುಮ್ಮನಾಗುವುದಿಲ್ಲ. ಎದೆಬಡಿತ ಹೆಚ್ಚಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ಮತ್ತೆ ಮತ್ತೆ ತೆಗೆದುಕೊಂಡರೆ ಪರಿಣಾಮವೂ ಕುಗ್ಗುತ್ತದೆ. ತೂಕ ಇಳಿಸಲು ಮಾರುತ್ತಿದ್ದ ಎಫೆಡ್ರಾ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿದ್ದು ಇಂಥ ಅಪಾಯಗಳಿಂದಲೇ. ಗಿಡದಿಂದ ಬಂದದ್ದಲ್ವಾ? ಹೌದು, ಗಿಡದಿಂದಲೇ. ದೇಹದಲ್ಲಿ ಏನಾದರೂ ಮಾಡಬಲ್ಲ ವಸ್ತು ಬೇಡದ್ದನ್ನೂ ಮಾಡಬಲ್ಲದು. ಹೆಸರು ಗೊಂದಲವಾದರಂತೂ ಕೇಳುವುದೇ ಬೇಡ: 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ 'ಫಾಂಗ್ ಜಿ' ಎಂಬ ಹೆಸರಿನಡಿ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಸೇರಿ, ತೂಕ ಇಳಿಸಲು ಹೋದ ಹೆಂಗಸರ ಮೂತ್ರಪಿಂಡಗಳೇ ಹಾಳಾದವು.

ಉಬ್ಬಸದ ಮೂಲ ಶ್ವಾಸನಾಳದ ಒಳಪದರದ ಉರಿಯೂತ. ಸ್ನಾಯು ಬಿಗಿಯುವುದು ಅದರ ಮುಂದಿನ ಹಂತ. ಎಫೆಡ್ರಿನ್ ಈ ಉರಿಯೂತದ ತಂಟೆಗೆ ಹೋಗುವುದಿಲ್ಲ. 1969ರಲ್ಲಿ ಸಾಲ್ಬುಟಮಾಲ್ ಬಂತು. ಅದು ಹೃದಯಕ್ಕಿಂತ ಶ್ವಾಸನಾಳದ ಮೇಲೇ ಹೆಚ್ಚು ಕೆಲಸ ಮಾಡುತ್ತದೆ. 1972ರಲ್ಲಿ ಉರಿಯೂತ ತಗ್ಗಿಸುವ ಬೆಕ್ಲೊಮೆಥಸೋನ್ ಇನ್‌ಹೇಲರ್ ಬಂತು. ಸಾಲ್ಬುಟಮಾಲ್ ಮಾತ್ರೆಯಲ್ಲಿ ಸಾಮಾನ್ಯವಾಗಿ 4 ಮಿಲಿಗ್ರಾಂ ಇದ್ದರೆ, ಇನ್‌ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಎರಡು ಸಲ ಎಳೆದರೂ ಮಾತ್ರೆಯ ಇಪ್ಪತ್ತರಲ್ಲೊಂದು ಪಾಲು, ಅದೂ ಬೇಕಾದಲ್ಲಿಗೇ. ಎಂಟನೇ ತರಗತಿಯ ಮಕ್ಕಳಿಂದ ಈ ಭಾಗಾಕಾರ ಮಾಡಿಸಿ. ಮನೆಗೆ ಹೋಗಿ ಹೇಳುವುದಕ್ಕೆ ಅವರಿಗೊಂದು ಲೆಕ್ಕ ಸಿಗುತ್ತದೆ.

ಹಾಗಾದರೆ ಚೀನೀ ಮೂಲಿಕೆಗಳ ಅಧ್ಯಾಯ ಮುಗಿಯಿತೇ? ಇಲ್ಲ. 2005ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಉಬ್ಬಸವಿದ್ದ 91 ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಲಿಂಗ್ ಝಿ ಅಣಬೆ, ಕು ಶೆನ್ ಬೇರು, ಜೇಷ್ಠಮಧು ಜಾತಿಯ ಗಾನ್ ಸಾವೊ ಎಂಬ ಮೂರರ ಮಿಶ್ರಣ, ಉಳಿದವರಿಗೆ ಪ್ರೆಡ್ನಿಸೋನ್ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ನಾಲ್ಕು ವಾರದಲ್ಲಿ ಎರಡೂ ಗುಂಪು ಸುಧಾರಿಸಿತು. ಶ್ವಾಸಕೋಶದ ಸಾಮರ್ಥ್ಯದಲ್ಲಿ ಪ್ರೆಡ್ನಿಸೋನ್ ತುಸು ಮುಂದು. ಆದರೆ ಅದು ದೇಹದ ಕಾರ್ಟಿಸೋಲನ್ನು ತಗ್ಗಿಸಿತು, ಮೂಲಿಕೆ ತಗ್ಗಿಸಲಿಲ್ಲ. ಕುತೂಹಲದ ಫಲಿತಾಂಶವೇ. ಆದರೆ ನಾಲ್ಕು ವಾರ ಕಡಿಮೆ, 91 ಜನ ಕಡಿಮೆ, ಮಕ್ಕಳು ಅದರಲ್ಲಿಲ್ಲ, ಇವತ್ತಿನ ಮುಖ್ಯ ಚಿಕಿತ್ಸೆಯಾದ ಸ್ಟೀರಾಯ್ಡ್ ಇನ್‌ಹೇಲರಿಗೆ ಹೋಲಿಸಿಯೂ ಇಲ್ಲ. ಇದನ್ನು ನಂಬಿ ಮಗುವಿನ ಇನ್‌ಹೇಲರ್ ನಿಲ್ಲಿಸುವುದಕ್ಕೆ ಯಾವ ಆಧಾರವೂ ಇಲ್ಲ.

ನಮ್ಮ ಬೇಲಿಯ ಆಡುಸೋಗೆಗೂ ಇದೇ ಅಳತೆಗೋಲು. ಅದರ ವಾಸಿಸಿನ್‌ನ ಜಾಡು ಹಿಡಿದೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಬಂತು. ಅಭಿಮಾನ ಇರಲಿ. ಆದರೆ ಕಫ ಸಡಿಲಿಸುವುದು ಬೇರೆ, ದಮ್ಮು ಕಟ್ಟಿದ ಮಗುವಿಗೆ ಉಸಿರು ಕೊಡುವುದು ಬೇರೆ. ಯಾವ ಗಿಡ, ಯಾವ ಭಾಗ, ಎಷ್ಟು, ಯಾವುದಕ್ಕೆ ಹೋಲಿಸಿ ನೋಡಿದ್ದು ಎಂದು ಮಕ್ಕಳು ಚೀನೀ ಮದ್ದಿಗೂ ಕೇಳಲಿ, ಅಜ್ಜಿಯ ಕಷಾಯಕ್ಕೂ ಕೇಳಲಿ, ಡಾಕ್ಟರರ ಚೀಟಿಗೂ ಕೇಳಲಿ. ಕೊನೆಯದಕ್ಕೆ ಕೆಲವು ಡಾಕ್ಟರರಿಗೆ ಸಿಟ್ಟು ಬಂದೀತು, ಬರಲಿ.

ಇನ್ನು 'ಚಟ'ದ ಮಾತು. ಕನ್ನಡಕ ದಿನಾ ಹಾಕುವವರಿಗೆ ಕನ್ನಡಕದ ಚಟ ಅಂತ ಯಾರೂ ಹೇಳುವುದಿಲ್ಲ. ರೋಗ ದೀರ್ಘಕಾಲದ್ದಾದ್ದರಿಂದ ಮದ್ದೂ ದೀರ್ಘಕಾಲ ಬೇಕಾಗುತ್ತದೆ. ಸಾಲ್ಬುಟಮಾಲ್ ಪದೇ ಪದೇ ಬೇಕಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲ ಎಂದರ್ಥ. ಆಗ ಡಾಕ್ಟರರನ್ನು ಕಾಣಬೇಕು, ಇನ್‌ಹೇಲರನ್ನು ಅಡಗಿಸುವುದಲ್ಲ.

ಅಡಗಿಸುವ ವಿಚಾರದಲ್ಲಿ ಶಾಲೆಗಳೂ ಹಿಂದೆ ಬಿದ್ದಿಲ್ಲ. ಕಳೆದುಹೋದೀತು, ಉಳಿದ ಮಕ್ಕಳು ಆಡಿಯಾರು ಎಂದು ಇನ್‌ಹೇಲರನ್ನು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದುಂಟು. ಮಗು ಮೈದಾನದಲ್ಲಿ, ಬೀಗದ ಕೈ ಇದ್ದವರು ಮೀಟಿಂಗಿನಲ್ಲಿ. ಅದು ಮಗುವಿನ ಜೇಬಿನಲ್ಲೇ ಇರಲಿ, ಆಟದ ಪೀರಿಯಡ್ಡಿಗೂ ಹೋಗಲಿ. ಯಾವ ಮಗುವಿಗೆ ಉಬ್ಬಸ ಇದೆ ಎಂದು ಕ್ಲಾಸ್ ಟೀಚರ್ ಮಾತ್ರವಲ್ಲ, ಪಿ.ಟಿ. ಮಾಷ್ಟ್ರಿಗೂ ಅಡುಗೆಯವರಿಗೂ ತಿಳಿದಿರಲಿ. ಮುಂದಿನ ಪಿ.ಟಿ.ಎ. ಸಭೆಯ ಕಾರ್ಯಸೂಚಿಗೆ ಇದನ್ನು ನೀವೇ ಸೇರಿಸಿ; ಹೆತ್ತವರು ಚೀನೀ ಮದ್ದಿನ ಮಾತೆತ್ತಿದರೆ ಮಾ ಹುವಾಂಗಿನ ಕಥೆ ಹೇಳಲು ಹತ್ತು ನಿಮಿಷ ಸಾಕು.